ಅಂಚೆಚೀಟಿಯೇ ಇಲ್ಲದ ಕಾಗದಕ್ಕೆ ಯಾಕಿಷ್ಟು ಬೆಲೆ? ಅಮೆರಿಕದ ವಸಾಹತು ಕಾಲದ ಪತ್ರಗಳನ್ನು ಓದುವ ಬಗೆ

ಹಳೆಯ ಪತ್ರ ಕೈಗೆ ಸಿಕ್ಕರೆ ನಮ್ಮಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮೇಲಿನ ಮೂಲೆಗೆ, ಅಂಚೆಚೀಟಿ ಇದೆಯೇ ಎಂದು ನೋಡಲು. ಆದರೆ ಜಗತ್ತಿನ ಮೊದಲ ಅಂಚೆಚೀಟಿ ಬ್ರಿಟನ್ನಿನಲ್ಲಿ ಬಂದದ್ದು 1840ರಲ್ಲಿ. ಅಮೆರಿಕ ಸರ್ಕಾರ ತನ್ನ ಮೊದಲ ಚೀಟಿಗಳನ್ನು ಹೊರತಂದದ್ದು 1847ರಲ್ಲಿ. ಅಮೆರಿಕ ಇನ್ನೂ ಬ್ರಿಟನ್ನಿನ ವಸಾಹತಾಗಿದ್ದಾಗ, ಆಮೇಲೆ 1775ರಿಂದ 1783ರವರೆಗೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ಬರೆದ ಯಾವ ಪತ್ರದ ಮೇಲೂ ಚೀಟಿ ಇರಲು ಸಾಧ್ಯವಿಲ್ಲ.

ಹಾಗಾದರೆ ಆ ಪತ್ರಗಳ ಮೇಲೆ ಇರುವುದೇನು? ಮಡಿಕೆಯ ಗೆರೆಗಳು, ಒಡೆದ ಅರಗಿನ ಕಲೆ, ಪೆನ್ನಿನಲ್ಲಿ ಗೀಚಿದ ಒಂದೆರಡು ಅಂಕಿ, ಅದೃಷ್ಟವಿದ್ದರೆ ಒಂದು ಊರಿನ ಹೆಸರಿನ ಠಸ್ಸೆ. ಸಂಗ್ರಾಹಕರು ದೊಡ್ಡ ಮೊತ್ತ ಕೊಡುವುದು ಈ ಗುರುತುಗಳಿಗೆ. ಪತ್ರ ಅಸಲಿಯೋ ನಕಲಿಯೋ ಎಂದು ತಿಳಿಯುವುದೂ ಬಹುಮಟ್ಟಿಗೆ ಇವುಗಳಿಂದಲೇ. ಇವುಗಳನ್ನು ಓದುವುದು ಹೇಗೆ, ಈ ಹವ್ಯಾಸದ ಸುತ್ತ ಇರುವ ತಪ್ಪು ನಂಬಿಕೆಗಳು ಯಾವುವು ಎಂಬುದನ್ನು ನೋಡೋಣ.

ಹಳೆಯದಾದಷ್ಟೂ ಅಂಚೆಮುದ್ರೆ ಇರುತ್ತದೆಯೇ?

ಇಲ್ಲ. ವಾಸ್ತವ ಬಹುತೇಕ ಇದಕ್ಕೆ ತದ್ವಿರುದ್ಧ. 1639ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತವು ಬೋಸ್ಟನ್ನಿನ ರಿಚರ್ಡ್ ಫೇರ್‌ಬ್ಯಾಂಕ್ಸ್ ಎಂಬಾತನ ಮನೆಯನ್ನು ಸಮುದ್ರದಾಚೆಯ ಪತ್ರಗಳನ್ನು ಇಡುವ ಜಾಗವೆಂದು ಗೊತ್ತುಮಾಡಿತು. ಅದು ಅಂಚೆ ಕಚೇರಿಯ ಮೊಳಕೆಯಷ್ಟೆ. 1673ರಲ್ಲಿ ನ್ಯೂಯಾರ್ಕ್ ಮತ್ತು ಬೋಸ್ಟನ್ ನಡುವೆ ಕುದುರೆಯ ಮೇಲೆ ಅಂಚೆ ಒಯ್ಯುವ ಪ್ರಯತ್ನ ನಡೆಯಿತು. 1692ರಲ್ಲಿ ಇಂಗ್ಲೆಂಡಿನ ದೊರೆ ಥಾಮಸ್ ನೀಲ್ ಎಂಬವನಿಗೆ ವಸಾಹತುಗಳಲ್ಲಿ ಅಂಚೆ ನಡೆಸುವ ಹಕ್ಕು ಕೊಟ್ಟ. ಪಾರ್ಲಿಮೆಂಟಿನ ಕಾನೂನಿನ ಪ್ರಕಾರ ದರಪಟ್ಟಿಯೊಂದು ಜಾರಿಗೆ ಬಂದದ್ದು 1711ರಲ್ಲಿ. 1753ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಮತ್ತು ವಿಲಿಯಂ ಹಂಟರ್ ಅಲ್ಲಿನ ಅಂಚೆಯ ಜಂಟಿ ಮುಖ್ಯಸ್ಥರಾದರು.

ಅಂದರೆ 17ನೇ ಶತಮಾನದ ಹೆಚ್ಚಿನ ಪತ್ರಗಳು ಅಂಚೆಯ ಮುಖವನ್ನೇ ಕಂಡಿರಲಿಲ್ಲ. ಊರಿಗೆ ಹೊರಟ ಪರಿಚಯದವರ ಕೈಯಲ್ಲಿ, ವ್ಯಾಪಾರಿಯ ಚೀಲದಲ್ಲಿ, ಹಡಗಿನ ಕಪ್ತಾನನ ಪೆಟ್ಟಿಗೆಯಲ್ಲಿ ಹೋದವು ಅವು. ಅಂಥ ಪತ್ರ ಎಷ್ಟೇ ಹಳೆಯದಾದರೂ ಅದರ ಮೇಲೆ ಅಂಚೆಯ ಗುರುತು ಇಲ್ಲದಿರುವುದೇ ಸಹಜ. ಅಂಥದರ ಮೇಲೆ ಚೊಕ್ಕವಾದ ಠಸ್ಸೆ ಕಂಡರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ಮುದ್ರೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಅಂಚೆಗೆ ದಿನಾಂಕದ ಠಸ್ಸೆ ಹೊಡೆಯುವ ಪದ್ಧತಿ ಶುರುವಾದದ್ದು 1661ರಲ್ಲಿ, ಲಂಡನ್ನಿನಲ್ಲಿ. ಪತ್ರಗಳು ಕಚೇರಿಯಲ್ಲೇ ಕೊಳೆಯುತ್ತವೆ ಎಂಬ ದೂರಿಗೆ ಉತ್ತರವಾಗಿ ಅಲ್ಲಿನ ಅಂಚೆ ಮುಖ್ಯಸ್ಥ ಹೆನ್ರಿ ಬಿಷಪ್ ಇದನ್ನು ತಂದ. ಒಂದು ಸಣ್ಣ ವೃತ್ತ, ನಡುವೆ ಅಡ್ಡಗೆರೆ. ಒಂದು ಕಡೆ ತಿಂಗಳಿಗೆ ಎರಡು ಅಕ್ಷರ, ಇನ್ನೊಂದು ಕಡೆ ತಾರೀಖು. ಸಂಗ್ರಾಹಕರು ಇದನ್ನು 'ಬಿಷಪ್ ಮುದ್ರೆ' ಎನ್ನುತ್ತಾರೆ. ಅಮೆರಿಕದ ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲೂ ಇದೇ ಬಗೆಯ ಮುದ್ರೆ ಬಳಕೆಗೆ ಬಂತು. ಕಂಪನಿ ಆಡಳಿತದ ಕಲ್ಕತ್ತೆಯಲ್ಲೂ ಇದು ಇತ್ತು.

ಈ ಮುದ್ರೆಯಲ್ಲಿ ಇಸವಿ ಇರುವುದಿಲ್ಲ. ಇಸವಿ ತಿಳಿಯಬೇಕಾದರೆ ಪತ್ರದ ಒಳಗಿನ ಬರಹವನ್ನೇ ನೋಡಬೇಕು. ಊರಿನ ಹೆಸರಿನ ಠಸ್ಸೆಗಳು ದೊಡ್ಡ ಪಟ್ಟಣಗಳಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದ ನಡುಭಾಗದಲ್ಲಿ. ಸಣ್ಣ ಊರುಗಳಲ್ಲಿ ಅದಾದ ಎಷ್ಟೋ ವರ್ಷಗಳವರೆಗೂ ಅಂಚೆಯವನು ಊರಿನ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದ. ಹೀಗಾಗಿ ಕೈಬರಹದ ಅಂಚೆ ಗುರುತು ಕೀಳು ಎಂದು ತಳ್ಳಿಹಾಕುವಂತಿಲ್ಲ.

ದಿನಾಂಕದಲ್ಲಿ ಇನ್ನೊಂದು ತೊಡಕಿದೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಕಾನೂನಿನ ಪ್ರಕಾರ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಜನವರಿ, ಫೆಬ್ರವರಿಯ ಪತ್ರಗಳಲ್ಲಿ '1710/11' ಎಂದು ಎರಡು ಇಸವಿ ಕಂಡರೆ ಅದು ತಿದ್ದುಪಡಿಯಲ್ಲ, ಆ ಕಾಲದ ವಾಡಿಕೆ. 1752ರಲ್ಲಿ ಪಂಚಾಂಗ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ 14 ಬಂತು. ಆ ವರ್ಷದ ಸೆಪ್ಟೆಂಬರ್ 3ರಿಂದ 13ರವರೆಗೆ ಬೋಸ್ಟನ್ನಿನಲ್ಲಾಗಲಿ ಫಿಲಡೆಲ್ಫಿಯಾದಲ್ಲಾಗಲಿ ದಿನಗಳೇ ಇರಲಿಲ್ಲ. ಆ ತಾರೀಖು ಹೊತ್ತ ಪತ್ರ ಸಿಕ್ಕರೆ ಏನೆಂದುಕೊಳ್ಳಬೇಕು ಎಂದು ಹೇಳಬೇಕಿಲ್ಲ.

ಆ ಅಂಕಿಗಳ ಅರ್ಥವೇನು?

ವಿಳಾಸದ ಪಕ್ಕ '1:8' ಅಥವಾ '2' ಎಂದು ಬರೆದಿರುವುದನ್ನು ನೋಡಿ ಅದು ಸಂಖ್ಯಾಕ್ರಮವೆಂದೋ ತಾರೀಖೆಂದೋ ತಿಳಿಯುವವರು ಬಹಳ. ಅದು ಅಂಚೆಯ ದರ, ಅದೂ ಬೆಳ್ಳಿಯ ತೂಕದಲ್ಲಿ.

ಪ್ರತಿ ವಸಾಹತಿನ ನಾಣ್ಯದ ಲೆಕ್ಕ ಬೇರೆಯಾಗಿತ್ತು. ಬೋಸ್ಟನ್ನಿನ ಶಿಲ್ಲಿಂಗಿಗೂ ನ್ಯೂಯಾರ್ಕಿನ ಶಿಲ್ಲಿಂಗಿಗೂ ಬೆಲೆಯಲ್ಲಿ ವ್ಯತ್ಯಾಸವಿತ್ತು. ಹಾಗಾಗಿ ಅಂಚೆಯವರು ದರವನ್ನು 'ಪೆನ್ನಿವೇಟ್' ಮತ್ತು 'ಗ್ರೇನ್' ಎಂಬ ತೂಕಗಳಲ್ಲಿ ಬರೆಯುತ್ತಿದ್ದರು. 24 ಗ್ರೇನ್ ಸೇರಿದರೆ 1 ಪೆನ್ನಿವೇಟ್, ಅಂದರೆ ಸುಮಾರು 1.55 ಗ್ರಾಂ. ಅಂಚೆಯ ಲೆಕ್ಕದಲ್ಲಿ 1 ಪೆನ್ನಿವೇಟ್ ಬೆಳ್ಳಿ ಇಂಗ್ಲೆಂಡಿನ 3 ಪೆನ್ನಿಗೆ ಸಮ.

60 ಮೈಲಿಯೊಳಗಿನ ಒಂದು ಹಾಳೆಯ ಪತ್ರಕ್ಕೆ 4 ಪೆನ್ನಿ ದರವಿತ್ತು. 4 ಪೆನ್ನಿ ಎಂದರೆ 1 ಪೆನ್ನಿವೇಟ್ 8 ಗ್ರೇನ್, ಅದೇ '1:8'. 60ರಿಂದ 100 ಮೈಲಿಗೆ 6 ಪೆನ್ನಿ, ಅಂದರೆ '2'. ಎರಡು ಹಾಳೆಯಾದರೆ ದರವೂ ಎರಡರಷ್ಟು. ಲಕೋಟೆಯನ್ನೂ ಒಂದು ಹಾಳೆಯೆಂದು ಎಣಿಸುತ್ತಿದ್ದುದರಿಂದ ಜನ ಲಕೋಟೆಯ ಗೊಡವೆಗೆ ಹೋಗದೆ, ಬರೆದ ಹಾಳೆಯನ್ನೇ ಮಡಿಸಿ ಅರಗು ಹಾಕಿ, ಹೊರಗಡೆ ವಿಳಾಸ ಬರೆಯುತ್ತಿದ್ದರು. ಹಣ ತೆರುತ್ತಿದ್ದದ್ದು ಸಾಮಾನ್ಯವಾಗಿ ಪತ್ರ ಪಡೆದವರು. ಪತ್ರದ ಮೇಲಿನ ಅಂಕಿ ಅವರಿಂದ ವಸೂಲಿ ಮಾಡಬೇಕಾದ ಮೊತ್ತ.

ಈಗ ಪರೀಕ್ಷೆಯ ದಾರಿ ಕಾಣುತ್ತದೆ. ಪತ್ರ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಹಾಳೆ ಇದೆ, ಆ ವರ್ಷದ ದರ ಎಷ್ಟು ಎಂಬುದಕ್ಕೂ ಮೇಲಿನ ಅಂಕಿಗೂ ತಾಳೆಯಾಗಬೇಕು. ಆಗದಿದ್ದರೆ ಏನೋ ಎಡವಟ್ಟಿದೆ ಎಂದರ್ಥ.

'ಸ್ಟ್ಯಾಂಪ್ ಆಕ್ಟ್' ಅಂಚೆಚೀಟಿಯ ಕಾನೂನೇ?

ಇದು ಬಹಳ ಜನಪ್ರಿಯ ತಪ್ಪು ಕಲ್ಪನೆ. 1765ರ ಸ್ಟ್ಯಾಂಪ್ ಆಕ್ಟ್ ವಿರುದ್ಧ ಅಮೆರಿಕದ ವಸಾಹತುಗಳು ರೊಚ್ಚಿಗೆದ್ದವು, 1766ರಲ್ಲಿ ಬ್ರಿಟನ್ ಅದನ್ನು ಹಿಂತೆಗೆದುಕೊಂಡಿತು ಎಂಬುದು ನಿಜ. ಆದರೆ ಅದಕ್ಕೂ ಪತ್ರಗಳ ಅಂಚೆ ದರಕ್ಕೂ ಸಂಬಂಧವಿಲ್ಲ. ಅದು ಕೋರ್ಟಿನ ದಸ್ತಾವೇಜು, ಪತ್ರಿಕೆ, ಪಂಚಾಂಗ, ಇಸ್ಪೀಟೆಲೆಗಳಂಥವುಗಳ ಮೇಲಿನ ತೆರಿಗೆ. ನಮ್ಮ ಛಾಪಾ ಕಾಗದವನ್ನು ನೆನೆಸಿಕೊಂಡರೆ ವಿಷಯ ತಿಳಿಯುತ್ತದೆ. 'ಸ್ಟ್ಯಾಂಪ್ ಆಕ್ಟ್ ಕಾಲದ ಅಂಚೆಚೀಟಿ' ಎಂದು ಯಾರಾದರೂ ಮಾರಲು ಬಂದರೆ ಅಂಥ ವಸ್ತುವೇ ಇಲ್ಲವೆಂದು ತಿಳಿಯಿರಿ.

ಎರಡು ಅಂಚೆಗಳ ಕಾಲ

ಹೋರಾಟ ಬಿಸಿಯೇರಿದಾಗ ಅಂಚೆಯೂ ಕದನದ ಕಣವಾಯಿತು. 1774ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಫ್ರ್ಯಾಂಕ್ಲಿನ್‌ನನ್ನು ಅಂಚೆಯ ಹುದ್ದೆಯಿಂದ ತೆಗೆದುಹಾಕಿತು. ಪತ್ರಿಕೆಯ ಮುದ್ರಕ ವಿಲಿಯಂ ಗಾಡರ್ಡ್ ಅದೇ ವರ್ಷ ರಾಜನ ಅಂಚೆಗೆ ಪರ್ಯಾಯವಾಗಿ ಬೇರೆ ಅಂಚೆಯೊಂದನ್ನು ಕಟ್ಟತೊಡಗಿದ. 1775ರ ಜುಲೈ 26ರಂದು ವಸಾಹತುಗಳ ಕಾಂಗ್ರೆಸ್ ತನ್ನದೇ ಅಂಚೆ ಸ್ಥಾಪಿಸಿ ಫ್ರ್ಯಾಂಕ್ಲಿನ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಆ ವರ್ಷದ ಕೊನೆಯ ಹೊತ್ತಿಗೆ ರಾಜನ ಒಳನಾಡಿನ ಅಂಚೆ ನಿಂತುಹೋಯಿತು.

ಯುದ್ಧದ ಏರುಪೇರು ಈ ಪತ್ರಗಳ ಮೈಮೇಲೆಯೇ ಇದೆ. ಕಾಂಗ್ರೆಸ್ ಅಚ್ಚುಹಾಕಿದ ಕಾಗದದ ಹಣ ಬೆಲೆ ಕಳೆದುಕೊಂಡಾಗ ಅಂಚೆ ದರವನ್ನು 1779ರ ಕೊನೆಯಲ್ಲಿ 20 ಪಟ್ಟು, 1780ರಲ್ಲಿ 40 ಪಟ್ಟು ಏರಿಸಬೇಕಾಯಿತು. ಆ ಅಲ್ಪ ಅವಧಿಯ ದರ ಬರೆದ ಪತ್ರಗಳು ವಿರಳ, ಹಾಗಾಗಿಯೇ ದುಬಾರಿ. ನ್ಯೂಯಾರ್ಕ್ ನಗರ 1776ರ ಸೆಪ್ಟೆಂಬರಿನಿಂದ 1783ರ ನವೆಂಬರಿನವರೆಗೆ ಬ್ರಿಟಿಷ್ ಸೇನೆಯ ವಶದಲ್ಲಿತ್ತು. ಆ ವರ್ಷಗಳಲ್ಲಿ ಆ ನಗರದಲ್ಲಿ ಕಾಂಗ್ರೆಸ್ಸಿನ ಅಂಚೆಗೆ ಹಾಕಿದ್ದೆಂದು ಹೇಳುವ ಪತ್ರ ಇತಿಹಾಸದೊಂದಿಗೆ ಹೊಂದುವುದಿಲ್ಲ.

ಮೋಸ ಹೇಗೆ ನಡೆಯುತ್ತದೆ?

ಬೆಲೆ ಇದ್ದಲ್ಲಿ ಖೋಟಾ ಇದ್ದೇ ಇರುತ್ತದೆ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಪುಸ್ತಕ ವ್ಯಾಪಾರಿ ರಾಬರ್ಟ್ ಸ್ಪ್ರಿಂಗ್ ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಕಿತ್ತು, ಅವುಗಳ ಮೇಲೆ ಜಾರ್ಜ್ ವಾಷಿಂಗ್ಟನ್ನನ ಕೈಬರಹವನ್ನು ನಕಲು ಮಾಡಿ ಮಾರಿದ. ಕಾಗದ ಅಸಲಿ, ಬರಹ ನಕಲಿ. ಆದ್ದರಿಂದ 'ಕಾಗದ ಹಳೆಯದು' ಎಂಬ ಒಂದೇ ಪುರಾವೆ ಸಾಲದು.

ಆದರೂ ಕಾಗದ ಒಂದಿಷ್ಟು ಹೇಳುತ್ತದೆ. ಆ ಕಾಲದ ಕಾಗದ ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ ಕೈಯಲ್ಲಿ ಮಾಡಿದ್ದು. ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಗೆರೆಗಳು ಸಾಮಾನ್ಯವಾಗಿ ಕಾಣುತ್ತವೆ. ಮರದ ತಿರುಳಿನ ಕಾಗದ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. 1770ರದೆನ್ನುವ ಪತ್ರದಲ್ಲಿ ಮರದ ನಾರು ಸಿಕ್ಕರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಶಾಯಿಯೂ ಸಾಕ್ಷಿ. ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಮಾಚಿಕಾಯಿಯಂಥ ಓಕ್ ಮರದ ಗಂಟು, ಅನ್ನಭೇದಿ ಮತ್ತು ಗೋಂದು ಸೇರಿಸಿ ಆಗಿನವರು ಶಾಯಿ ಮಾಡುತ್ತಿದ್ದರು. ಬರೆದಾಗ ತಿಳಿಯಾಗಿದ್ದು, ಗಾಳಿ ತಾಗಿ ಕಪ್ಪಾಗಿ, ಶತಮಾನಗಳು ಕಳೆದಂತೆ ಕಂದಾಗುತ್ತದೆ. ಇದೇ ಶಾಯಿಯನ್ನು ಮಾಡಿ, ರಾಸಾಯನಿಕಗಳಿಂದ ಬೇಗ ಹಳೆಯದಾಗಿಸಿದವನು ಅಮೆರಿಕದ ಮಾರ್ಕ್ ಹಾಫ್‌ಮನ್. 1639ರ ಮ್ಯಾಸಚೂಸೆಟ್ಸ್ ಮುದ್ರಣವೆಂದು ಅವನು ಸೃಷ್ಟಿಸಿದ 'ಓತ್ ಆಫ್ ಎ ಫ್ರೀಮನ್' ಪತ್ರವನ್ನು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೇ ಮಾರಾಟಕ್ಕೆ ಇಡಲಾಗಿತ್ತು. ಗುಟ್ಟು ಹೊರಬೀಳುವ ಭಯದಲ್ಲಿ 1985ರಲ್ಲಿ ಅವನಿಟ್ಟ ಬಾಂಬುಗಳು ಇಬ್ಬರ ಜೀವ ತೆಗೆದವು. ಅವನು ಮಾರಿದ ಕೈಬರಹಗಳ ಶಾಯಿ ಸೂಕ್ಷ್ಮದರ್ಶಕದಡಿ ಮೊಸಳೆಯ ಚರ್ಮದಂತೆ ಬಿರುಕು ಬಿಟ್ಟಿರುವುದನ್ನು ತಜ್ಞರು ಕಂಡರು. 1987ರಲ್ಲಿ ಅವನು ತಪ್ಪೊಪ್ಪಿಕೊಂಡು ಜೈಲು ಸೇರಿದ.

ಇನ್ನೊಂದು ಬಗೆಯ ಮೋಸ ಇದಕ್ಕಿಂತ ಸದ್ದಿಲ್ಲದ್ದು. ಪತ್ರ ಅಸಲಿಯೇ, ಆದರೆ ಬೆಲೆ ಏರಿಸಲು ಯಾರೋ ಇತ್ತೀಚೆಗೆ ಅದರ ಮೇಲೆ ಅಪರೂಪದ ಊರಿನ ಮುದ್ರೆ ಸೇರಿಸಿರುತ್ತಾರೆ. ಇಂಥದ್ದನ್ನು ಹಿಡಿಯಲು ತಜ್ಞರು ಮುದ್ರೆಯನ್ನು ಅದೇ ಊರಿನ, ಅದೇ ಕಾಲದ ಬೇರೆ ಅಸಲಿ ಮುದ್ರೆಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ನಂಥ ಸಂಸ್ಥೆಗಳು ಹೀಗೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ.

ದುಡ್ಡು ಕೊಟ್ಟು ಕೊಂಡರೆ ನಮ್ಮದೇ ತಾನೆ?

ಯಾವಾಗಲೂ ಅಲ್ಲ. 1780ರ ಜುಲೈ 21ರಂದು ಅಲೆಗ್ಸಾಂಡರ್ ಹ್ಯಾಮಿಲ್ಟನ್ ಫ್ರೆಂಚ್ ಸೇನಾನಿ ಲಫಾಯೆತ್‌ಗೆ ಒಂದು ಪತ್ರ ಬರೆದ. ಬ್ರಿಟಿಷ್ ಪಡೆಗಳ ಚಲನೆಯ ಬಗ್ಗೆ ಎಚ್ಚರಿಸುವ ಪತ್ರವದು. ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಭಂಡಾರದಲ್ಲಿದ್ದ ಇದನ್ನು 20ನೇ ಶತಮಾನದ ನಡುಭಾಗದಲ್ಲಿ ಅಲ್ಲಿನ ನೌಕರನೊಬ್ಬ ಕದ್ದ ಎಂಬುದು ತನಿಖೆಯ ನಿಲುವು. 2018ರಲ್ಲಿ ಅದು ವರ್ಜೀನಿಯಾದ ಹರಾಜು ಸಂಸ್ಥೆಯೊಂದಕ್ಕೆ ಬಂತು. ತಂದವರು ಕಳ್ಳರಲ್ಲ; ಅವರ ಹಿರಿಯರೊಬ್ಬರು ಅದನ್ನು ಹಣ ಕೊಟ್ಟೇ ಕೊಂಡಿದ್ದರು. ಆದರೂ ಸಾರ್ವಜನಿಕ ದಾಖಲೆ ರಾಜ್ಯದ್ದೇ ಎಂದು ನ್ಯಾಯಾಲಯ ಹೇಳಿತು, 2021ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು. ಪತ್ರ ತನ್ನ ಭಂಡಾರಕ್ಕೆ ಮರಳಿತು.

ಹಾಗಾಗಿ ಸರ್ಕಾರಿ ಪತ್ರವ್ಯವಹಾರ, ಸೇನಾ ಪತ್ರಗಳಂಥವನ್ನು ಕೊಳ್ಳುವಾಗ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಚರಿತ್ರೆಯನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಇಟ್ಟುಕೊಳ್ಳುವುದು ಹೇಗೆ?

ಲ್ಯಾಮಿನೇಶನ್ ಮಾಡಿಸಿದರೆ ಭದ್ರ ಎಂಬುದು ತಪ್ಪು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಬಹಳ ಕಷ್ಟ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದೂ ಹಾನಿಯೇ. ಅಂಟು ಹಳದಿಯಾಗಿ ಒಳಗಿಳಿಯುತ್ತದೆ. ಮುಟ್ಟುವಾಗ ಬಿಳಿ ಹತ್ತಿ ಕೈಗವಸು ಬೇಕೇ ಬೇಕು ಎಂಬುದೂ ಸಿನಿಮಾದಿಂದ ಬಂದ ನಂಬಿಕೆ. ಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಕಾಗದ ಹರಿಯುವ ಸಾಧ್ಯತೆಯೇ ಹೆಚ್ಚು. ತೊಳೆದು ಒಣಗಿಸಿದ ಕೈ ಸಾಕೆಂದು ದೊಡ್ಡ ಗ್ರಂಥಾಲಯಗಳೇ ಹೇಳುತ್ತವೆ.

ಆಮ್ಲರಹಿತ ಕಾಗದದ ಕವರು ಅಥವಾ ಪಾಲಿಯೆಸ್ಟರ್ ಹಾಳೆ ಬಳಸಿ. ಪಿವಿಸಿ ಕವರು ಬೇಡ. ಬಿಸಿಲು, ತೇವ ಎರಡೂ ತಾಗದಿರಲಿ. ಮುಖ್ಯವಾಗಿ, ಕೊಳೆ ತೆಗೆಯಲು, ಅರಗಿನ ಚೂರು ಕೀಳಲು, ಮಸುಕಾದ ಅಂಕಿಯ ಮೇಲೆ ತೀಡಲು ಹೋಗಬೇಡಿ. ಕಲೆ ಎಂದು ನಮಗೆ ತೋರುವುದೇ ಆ ಪತ್ರದ ಸಾಕ್ಷಿಯಾಗಿರಬಹುದು.

ಅಂಚೆ ಯಾವ ಹಾದಿಯಲ್ಲಿ, ಎಷ್ಟು ದಿನಗಳಲ್ಲಿ, ಎಷ್ಟು ಬೆಲೆಗೆ ಹೋಯಿತು ಎಂದು ತಿಳಿಯಲು ಇತಿಹಾಸಕಾರರು ನೆಚ್ಚುವುದೂ ಇದೇ ಗುರುತುಗಳನ್ನು. ಒಂದು ಸುಳ್ಳು ಮುದ್ರೆ ಕೊಂಡವರ ಜೇಬಿಗೆ ಕತ್ತರಿ ಹಾಕುವುದಲ್ಲದೆ, ಇಲ್ಲದ ಅಂಚೆ ದಾರಿಯೊಂದನ್ನು ಇತಿಹಾಸಕ್ಕೆ ಸೇರಿಸಿಬಿಡಬಹುದು. ಆದ್ದರಿಂದ ಪತ್ರ ಕೊಳ್ಳುವ ಮೊದಲು ಒಳಗಿನ ಬರಹ, ಹೊರಗಿನ ಮುದ್ರೆ, ದರ, ದಾರಿ, ಕಾಗದ, ಶಾಯಿ ಎಲ್ಲವೂ ಒಂದೇ ಮಾತನ್ನು ಹೇಳುತ್ತಿವೆಯೇ ಎಂದು ನೋಡಿ. ಒಂದು ಬೇರೆ ಮಾತಾಡಿದರೂ ಕೈಯಲ್ಲಿರುವ ಹಣವನ್ನು ಕೈಯಲ್ಲೇ ಇಟ್ಟುಕೊಂಡು ತಜ್ಞರನ್ನು ಕೇಳಿ.