ಮಾರ್ಫಿನ್: ನೋವು ನೀಗುವ ಬಗೆ, ಅಂಜಿಕೆಯ ಮೂಲ

ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆಗೂ ಕ್ಯಾನ್ಸರ್ ರೋಗಿಯ ನೋವನ್ನು ತಣಿಸುವ ಮಾರ್ಫಿನ್‌ಗೂ ಮೂಲ ಒಂದೇ ಗಿಡ. ಗಸಗಸೆ ಗಿಡದ ಹಸಿ ಕಾಯಿಯ ಮೇಲೆ ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೆಡರಿಕ್ ಸೆರ್ಟರ್ನರ್ ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟರು.

ಎರಡು ಶತಮಾನ ಕಳೆದರೂ ತೀವ್ರ ನೋವಿನ ಚಿಕಿತ್ಸೆಯಲ್ಲಿ ಇತರ ಔಷಧಗಳ ಬಲವನ್ನು ಅಳೆಯುವುದು ಮಾರ್ಫಿನ್‌ಗೆ ಹೋಲಿಸಿಯೇ. ಆದರೂ ಅದರ ಹೆಸರು ಕೇಳಿದೊಡನೆ ರೋಗಿಯ ಮನೆಯವರು ಬೆಚ್ಚುವುದುಂಟು. ಚಟ ಹತ್ತೀತೆಂಬುದು ಒಂದು ಭಯ. ಇನ್ನು ಕೊನೆಗಾಲ ಬಂತೆಂಬುದು ಮತ್ತೊಂದು. ಈ ಅಂಜಿಕೆಯಲ್ಲಿ ಎಷ್ಟು ನಿಜ, ಎಷ್ಟು ಅನಗತ್ಯ ಎಂಬುದನ್ನು ಅರಿಯಲು ಔಷಧ ದೇಹದಲ್ಲಿ ಮಾಡುವ ಕೆಲಸವನ್ನು ತಿಳಿಯಬೇಕು.

ನೋವಿನ ದಾರಿಯಲ್ಲಿ ತಡೆ

ದೇಹದ ಯಾವುದೇ ಭಾಗಕ್ಕೆ ಪೆಟ್ಟಾದಾಗ ಅದರ ಸಂದೇಶ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸಾಗುತ್ತದೆ. ಈ ದಾರಿಯುದ್ದಕ್ಕೂ ನರಕೋಶಗಳ ಮೇಲೆ ಓಪಿಯಾಯ್ಡ್ ಗ್ರಾಹಕಗಳಿವೆ. ಇವುಗಳ ಇರುವಿಕೆ 1973ರಲ್ಲಿ ಪ್ರಯೋಗಗಳಿಂದ ದೃಢಪಟ್ಟಿತು. ಗಿಡವೊಂದರ ರಸಕ್ಕೆ ಮನುಷ್ಯನ ಮಿದುಳಿನಲ್ಲಿ ಗ್ರಾಹಕವೇಕೆ ಎಂಬ ಪ್ರಶ್ನೆಗೆ 1975ರಲ್ಲಿ ಉತ್ತರ ದೊರೆಯಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಜ್ ಅವರು ಮಿದುಳಿನಲ್ಲೇ ತಯಾರಾಗುವ ಎನ್‌ಕೆಫಾಲಿನ್ ಎಂಬ ನೋವುನಿವಾರಕಗಳನ್ನು ಗುರುತಿಸಿದರು. ಮಾರ್ಫಿನ್ ಈ ಸಹಜ ವಸ್ತುಗಳ ಜಾಗದಲ್ಲಿ ಕುಳಿತು ಕೆಲಸ ಮಾಡುತ್ತದೆ.

ಗ್ರಾಹಕಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂಬ ಮೂರು ಮುಖ್ಯ ಬಗೆಗಳಿವೆ. ಮಾರ್ಫಿನ್‌ನ ಪರಿಣಾಮ ಬಹುಪಾಲು ಮ್ಯೂ ಗ್ರಾಹಕದ ಮೂಲಕ. ಅದಕ್ಕೆ ಮಾರ್ಫಿನ್ ಅಂಟಿಕೊಂಡಾಗ ನರತುದಿಗೆ ಕ್ಯಾಲ್ಸಿಯಂ ಪ್ರವೇಶ ತಗ್ಗಿ, ಸಂದೇಶ ಒಯ್ಯುವ ರಾಸಾಯನಿಕಗಳ ಬಿಡುಗಡೆ ಕುಂಠಿತವಾಗುತ್ತದೆ. ಮುಂದಿನ ಕೋಶದಿಂದ ಪೊಟ್ಯಾಸಿಯಂ ಹೊರಹರಿದು ಆ ಕೋಶ ಸುಲಭವಾಗಿ ಕೆರಳದಂತಾಗುತ್ತದೆ. ಗಾಯ ಹಾಗೆಯೇ ಇರುತ್ತದೆ. ಅದರ ಕೂಗು ಮಾತ್ರ ಕ್ಷೀಣಿಸುತ್ತದೆ.

ಪ್ರಮಾಣ ಮತ್ತು ವೇಳೆ

ಬಾಯಿಯ ಮೂಲಕ ಸೇವಿಸಿದ ಮಾರ್ಫಿನ್‌ನ ಹೆಚ್ಚಿನ ಪಾಲು ರಕ್ತವನ್ನು ಸೇರುವ ಮೊದಲೇ ಯಕೃತ್ತಿನಲ್ಲಿ ಮಾರ್ಪಾಡಾಗುತ್ತದೆ. ಆದ್ದರಿಂದ ಮಾತ್ರೆಯ ಪ್ರಮಾಣ ಚುಚ್ಚುಮದ್ದಿಗಿಂತ ಸುಮಾರು 2ರಿಂದ 3 ಪಟ್ಟು ಹೆಚ್ಚಿರುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ದೀರ್ಘಕಾಲದ ಕ್ಯಾನ್ಸರ್ ನೋವಿನಲ್ಲಿ ನೋವು ಮರಳುವವರೆಗೆ ಕಾಯದೆ, ಗಡಿಯಾರ ನೋಡಿ ಮಾತ್ರೆ ಕೊಡಬೇಕೆನ್ನುವುದು ಇದಕ್ಕಾಗಿಯೇ. ಯಕೃತ್ತಿನಲ್ಲಿ ರೂಪುಗೊಳ್ಳುವ ಒಂದು ಉಪವಸ್ತುವಿಗೂ ನೋವು ತಗ್ಗಿಸುವ ಬಲವಿದೆ. ಅದನ್ನು ಹೊರಹಾಕುವುದು ಮೂತ್ರಪಿಂಡ. ಮೂತ್ರಪಿಂಡ ದುರ್ಬಲವಾದವರಲ್ಲಿ ಅದು ಸಂಗ್ರಹವಾಗಿ ಮಂಪರು ಹೆಚ್ಚಿಸುವುದರಿಂದ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ ಇಲ್ಲವೇ ಬೇರೆ ಔಷಧ ಆಯ್ದುಕೊಳ್ಳುತ್ತಾರೆ.

ಒಂದೇ ಗ್ರಾಹಕ, ಹಲವು ಪರಿಣಾಮ

ಮ್ಯೂ ಗ್ರಾಹಕಗಳು ನೋವಿನ ದಾರಿಯಲ್ಲಷ್ಟೇ ಅಲ್ಲ, ಕರುಳಿನಲ್ಲೂ ಉಸಿರಾಟ ನಿಯಂತ್ರಿಸುವ ಮಿದುಳುಕಾಂಡದಲ್ಲೂ ಇವೆ. ಹೀಗಾಗಿ ಉಪಶಮನ ಮತ್ತು ಅಪಾಯ ಒಟ್ಟಿಗೇ ಬರುತ್ತವೆ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು. ಪ್ರಮಾಣ ಮೀರಿದರೆ ಉಸಿರು ನಿಧಾನವಾಗಿ ನಿಲ್ಲಬಹುದು. ಮದ್ಯ ಅಥವಾ ನಿದ್ರೆಮಾತ್ರೆ ಜೊತೆಗೂಡಿದರೆ ಈ ಅಪಾಯ ಇನ್ನೂ ಹೆಚ್ಚು. ಎಬ್ಬಿಸಿದರೂ ಏಳದ ಮಂಪರು, ಸೂಜಿಮೊನೆಯಂತೆ ಕಿರಿದಾದ ಕಣ್ಣಿನ ಪಾಪೆ, ತೀರಾ ನಿಧಾನದ ಉಸಿರು ಇದರ ಲಕ್ಷಣಗಳು; ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಲೋಕ್ಸೋನ್ ಎಂಬ ಪ್ರತಿಮದ್ದು ಮಾರ್ಫಿನ್ ಅನ್ನು ಗ್ರಾಹಕದಿಂದ ಕದಲಿಸುತ್ತದೆ. ಅದರ ಪರಿಣಾಮ ಬೇಗ ಮುಗಿಯುವುದರಿಂದ ನಿಗಾ ಮುಂದುವರಿಯಬೇಕು.

ಚಟ ಯಾವುದು, ಅವಲಂಬನೆ ಯಾವುದು

ಒಂದೇ ಪ್ರಮಾಣಕ್ಕೆ ಪರಿಣಾಮ ಕುಗ್ಗುವುದು ಸಹಿಷ್ಣುತೆ. ಹಠಾತ್ತನೆ ನಿಲ್ಲಿಸಿದಾಗ ಬೆವರು, ಭೇದಿ, ಚಡಪಡಿಕೆ ಕಾಣಿಸಿದರೆ ಅದು ದೈಹಿಕ ಅವಲಂಬನೆ. ಹಂತಹಂತವಾಗಿ ಪ್ರಮಾಣ ಇಳಿಸಿ ಇದನ್ನು ತಪ್ಪಿಸಬಹುದು. ಹಾನಿಯಾಗುತ್ತಿದ್ದರೂ ಹಂಬಲ ಹತ್ತಿಕ್ಕಲಾಗದೆ ಸೇವಿಸುವುದು ಚಟ. ಮೊದಲೆರಡು ದೀರ್ಘಕಾಲ ಮಾರ್ಫಿನ್ ಪಡೆಯುವ ಯಾರಲ್ಲೂ ಕಾಣಬಹುದು. ಮೂರನೆಯದು ಬೇರೆಯೇ ಕಾಯಿಲೆ. ಹಾಗೆಂದು ಚಟದ ಭಯ ನಿರಾಧಾರವೇನಲ್ಲ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಕ್ಯಾನ್ಸರೇತರ ದೀರ್ಘಕಾಲಿಕ ನೋವಿಗೂ ಈ ಗುಂಪಿನ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಟ್ಟದ್ದು ಅಸಂಖ್ಯ ಸಾವುಗಳಿಗೆ ದಾರಿಯಾಯಿತು.

ಬಳಗದ ಇತರರು

ಕೆಮ್ಮಿನ ಸಿರಪ್ಪುಗಳಲ್ಲಿ ಕಾಣುವ ಕೊಡೀನ್ ನೋವು ತಗ್ಗಿಸುವುದು ಯಕೃತ್ತಿನಲ್ಲಿ ಭಾಗಶಃ ಮಾರ್ಫಿನ್ ಆಗಿ ಬದಲಾದ ಮೇಲೆಯೇ. ಈ ಬದಲಾವಣೆಯ ವೇಗ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಟ್ರಮಡಾಲ್ ದುರ್ಬಲವಾದರೂ ಅಪಸ್ಮಾರ ಕೆರಳಿಸಬಲ್ಲದು. ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ; ಚರ್ಮಕ್ಕೆ ಅಂಟಿಸುವ ಅದರ ಪಟ್ಟಿ ಸಾಮಾನ್ಯವಾಗಿ 72 ಗಂಟೆ ಕೆಲಸ ಮಾಡುತ್ತದೆ.

ಬೆಳೆ ಇದೆ, ಮದ್ದು ದೂರ

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಡಿ ಅಫೀಮು ಬೆಳೆಯಲಾಗುತ್ತದೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳು ಮತ್ತು ಶಿಕ್ಷೆಯ ಭಯದಿಂದ ಹಲವು ಆಸ್ಪತ್ರೆಗಳು, ಔಷಧ ಅಂಗಡಿಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರ ತಿದ್ದುಪಡಿ 'ಅಗತ್ಯ ಮಾದಕ ಔಷಧ' ಎಂಬ ವರ್ಗವನ್ನು ಸೃಷ್ಟಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ಪರವಾನಗಿಯ ತೊಡಕನ್ನು ತಗ್ಗಿಸಿತು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕರುಣಾಶ್ರಯಗಳಂತಹ ಕಡೆ ಉಪಶಾಮಕ ಆರೈಕೆ ಲಭ್ಯವಿದೆ. ಮಾರ್ಫಿನ್ ಆರಂಭಿಸುವುದೆಂದರೆ ಚಿಕಿತ್ಸೆ ಕೈಬಿಟ್ಟಂತೆ ಅಲ್ಲ. ನೋವು ತಗ್ಗಿದ ರೋಗಿ ಊಟ, ನಿದ್ರೆ ಮಾಡಿ ಚಿಕಿತ್ಸೆಯನ್ನು ತಾಳಿಕೊಳ್ಳಬಲ್ಲ. ಪ್ರಮಾಣವೆಷ್ಟು, ವೇಳೆ ಯಾವುದು, ಮಲಬದ್ಧತೆಗೆ ಏನು ಎಂಬ ಮೂರು ಪ್ರಶ್ನೆಗಳನ್ನು ಮನೆಯವರು ವೈದ್ಯರಲ್ಲಿ ತಪ್ಪದೆ ಕೇಳಬೇಕು. ಉಳಿದ ಮಾತ್ರೆಗಳು ಬೇರೆಯವರ ಕೈಗೆ, ವಿಶೇಷವಾಗಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು.