ದೊಡ್ಡಸ್ವಾಮಿಯವರ ಒಡನಾಟ

ಕನಕಪುರ ಸೀಮೆಯ ಹಾರೋಬೆಲೆಯು ಬಹುಕಾಲದಿಂದ ಕ್ರೈಸ್ತರು ನೆಲಸಿರುವ ಗ್ರಾಮವೆಂಬುದು ನಮ್ಮ ವಾಚಕರಿಗೆ ತಿಳಿದ ವಿಷಯವೇ. ಮೈಸೂರು ದೇಶಕ್ಕೆ ಈ ಮತವು 17ನೆಯ ಶತಮಾನದ ಮಧ್ಯಭಾಗದಲ್ಲಿ ಚಿನ್ನಮಿ ಮೊದಲಾದ ಜೆಸ್ವಿತ್ ಪಾದ್ರಿಗಳಿಂದ ಬಂದಿತು. 1773ರಲ್ಲಿ ಪೋಪರು ಆ ಸಂಘವನ್ನು ವಿಸರ್ಜಿಸಿದ ಬಳಿಕ ಇಲ್ಲಿಯ ಕ್ರೈಸ್ತರ ಪಾಲನೆಯು ಫ್ರಾನ್ಸಿನ ಪಾದ್ರಿಗಳಿಗೆ ಸೇರಿತು. ಅವರಲ್ಲಿ ಪ್ರಖ್ಯಾತರಾದವರು ಅಬ್ಬೆ ದುಬಾಯ್. ಧರ್ಮವು ಜನರ ಹೃದಯವನ್ನು ಮುಟ್ಟುವುದು ಉಪದೇಶದಿಂದಲೋ, ದಿನದಿನದ ಒಡನಾಟದಿಂದಲೋ ಎಂದು ಆಲೋಚಿಸುವವರಿಗೆ ಇವರ ಚರಿತ್ರೆಯು ಉಪಯುಕ್ತವಾದುದು.

1792ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟ ಇವರು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಗೆ ಬಂದರು. ಬೆಂಗಳೂರಿನಿಂದ ಆ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ರೆಸಿಡೆಂಟ್ ಬ್ಯಾರಿ ಕ್ಲೋಸರ ಹೆಸರನ್ನು ಹೊತ್ತ ಕ್ಲೋಸ್‌ಪೇಟೆಯು, ಎಂದರೆ ಇಂದಿನ ರಾಮನಗರವು, ತಲೆಯೆತ್ತಿದುದೂ ಅದೇ ದಿನಗಳಲ್ಲಿ. ಟಿಪ್ಪುವಿನ ಕಾಲದಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವುದು ಪಾದ್ರಿಗಳಿಗೆ ಒದಗಿದ ಕಾರ್ಯ. ಅದಕ್ಕಾಗಿ ಅವರು ಐರೋಪ್ಯರ ಕೂಟವನ್ನು ತೊರೆದು, ನಾಡಿನ ಉಡುಪನ್ನು ಧರಿಸಿ, ನಾಡಿಗರ ನಡುವೆಯೇ ವಾಸಮಾಡಿದರು. ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು.

ಆಗ ಸಿಡುಬು ಹೊಕ್ಕ ಊರು ಮಕ್ಕಳನ್ನು ಕಳೆದುಕೊಳ್ಳದೆ ಉಳಿಯುತ್ತಿರಲಿಲ್ಲ. ಜೆನ್ನರನು ಕಂಡುಹಿಡಿದ ಲಸಿಕೆಯು 1802ರಲ್ಲಿ ಬೊಂಬಾಯಿಗೆ ಬಂದಿತು. ದೊಡ್ಡಸ್ವಾಮಿಯವರು ಅದನ್ನು ಮೈಸೂರಿನಲ್ಲಿ ಹರಡಲು ಶ್ರಮಿಸಿದರು. 1803–04ರಲ್ಲಿ 25,000ಕ್ಕೂ ಮೇಲ್ಪಟ್ಟ ಜನರಿಗೆ ದೇವಿ ಹಾಕಲಾಯಿತು. ಇದು ಒಮ್ಮೆ ಚುಚ್ಚಿ ಹೊರಟುಹೋಗುವ ಕೆಲಸವಾಗಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಎಂಟನೆಯ ದಿನದ ಸುಮಾರಿಗೆ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುವುದು ಅಂದಿನ ಪದ್ಧತಿ. ಮಾರಮ್ಮನ ಕೋಪಕ್ಕೆ ಅಂಜುವ ತಾಯಿಯು, ಪರರ ಕೂಸಿನ ರಸವು ತನ್ನ ಕೂಸಿನ ಮೈಯನ್ನು ಸೇರಲು ಒಪ್ಪಬೇಕಾದರೆ, ಕೇಳುವವನಲ್ಲಿ ನಂಬಿಕೆಯಿರಬೇಕು. ಅಂತಹ ನಂಬಿಕೆಯು ರಾಜಾಜ್ಞೆಯಿಂದ ಹುಟ್ಟುವುದಲ್ಲ. ಬಹುದಿನದ ಸಹವಾಸದಿಂದ ಹುಟ್ಟತಕ್ಕದ್ದು. ಹಾಸನ ಸೀಮೆಯ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತರಿಗಾಗಿ ಬೇಸಾಯದ ಊರನ್ನು ನೆಲೆಗೊಳಿಸಿದುದೂ ಇದೇ ಬಗೆಯ ಸೇವೆ.

ಇವರ ಕೀರ್ತಿಯು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಹಬ್ಬಿತು. ಕುಂಪಣಿಯವರು ಅದರ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದರು. ಅದರಲ್ಲಿ ನಮ್ಮವರನ್ನು ಕುರಿತ ಕಠಿನೋಕ್ತಿಗಳು ಬಹಳ; ಸಂಸ್ಕೃತವನ್ನೋದಿದವರು ಅವೆಲ್ಲವನ್ನೂ ಒಪ್ಪಲಾರರು. ಅದರ ಬಹುಭಾಗಕ್ಕೆ ಕ್ಯೂರ್ದೂ ಎಂಬ ಹಿಂದಿನ ಜೆಸ್ವಿತ್ ಪಾದ್ರಿಯ ಬರವಣಿಗೆಯೇ ಆಧಾರವೆಂದು ಈಚಿನ ವಿದ್ವಾಂಸರು ತೋರಿಸಿರುವರು. ಗ್ರಂಥವು ಪರರಿಂದ ಪಡೆದುದಾದರೂ, ಬಾಳಿದ ಬಾಳು ಅವರದೇ.

1823ರಲ್ಲಿ ಭರತಖಂಡವನ್ನು ಬಿಟ್ಟುಹೋದ ಅವರು, ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನವು ನಿಷ್ಫಲವೆಂದು ಬರೆದರು. 1848ರಲ್ಲಿ ಪ್ಯಾರಿಸಿನಲ್ಲಿ ಕಾಲವಾದರು. ಮತಕ್ಕೆ ಸೇರಿದವರ ಲೆಕ್ಕದಲ್ಲಿ ಅವರು ಸೋತವರೇ ಸರಿ. ಆದರೆ ಬದುಕಿದ ಮಕ್ಕಳ ಲೆಕ್ಕವು ಬೇರೆ. ಆ ಮಕ್ಕಳಲ್ಲಿ ಬಹುಮಂದಿ ತಮ್ಮ ಹಿರಿಯರ ದೇವರಿಗೇ ಕೈಮುಗಿದು ಬಾಳಿರಬೇಕು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬುದು ಕ್ರಿಸ್ತನ ಆಜ್ಞೆ. ಆ ನೆರೆಯವನು ತನ್ನ ಮತದವನೇ ಆಗಿರಬೇಕೆಂದು ಅದರಲ್ಲಿಲ್ಲ. ಅಧಿಕಾರಿಯ ಹೆಸರು ನಮ್ಮ ಪೇಟೆಯಿಂದ ಅಳಿಯಿತು. ಗಂಜಾಮಿನ ಇಗರ್ಜಿಯನ್ನು ಜನರು ಇಂದಿಗೂ ಅಬ್ಬೆ ದುಬಾಯರ ಹೆಸರಿನಿಂದಲೇ ಕರೆಯುವರು.