ಯಂತ್ರಕ್ಕೆ ಪಾಠ ಹೇಳಿದವರು ಕಲಿತದ್ದೆಲ್ಲಿ?

ಪರದೆಯ ಮೇಲೊಂದು ನಾಯಿಯ ಚಿತ್ರ. ಮೌಸ್ ಎಳೆದು ಅದರ ಸುತ್ತ ಚೌಕಟ್ಟು ಹಾಕಬೇಕು. ಕಾಣುವ ಭಾಗವೆಲ್ಲ ಒಳಗೆ ಬರಬೇಕು, ಅಂಚಿನಲ್ಲಿ ಖಾಲಿ ಜಾಗ ಉಳಿಯಬಾರದು. ‘ಇಮೇಜ್‌ನೆಟ್’ ಚಿತ್ರಕೋಶದ ಈ ಕೆಲಸಕ್ಕೆ ಬಂದವರು ಮೊದಲು ನಿಯಮ ಓದಿ, ಪ್ರಶ್ನೆಗೆ ಉತ್ತರ ಕೊಟ್ಟು, ಪರೀಕ್ಷೆಯ ಚಿತ್ರಗಳ ಮೇಲೆ ಕೈ ಪಳಗಿದ್ದನ್ನು ತೋರಿಸಬೇಕಿತ್ತು. ಪಾಸಾದರಷ್ಟೇ ಕೆಲಸ. ಒಬ್ಬರು ಹಾಕಿದ ಚೌಕಟ್ಟನ್ನು ಇನ್ನೊಬ್ಬರು ಪರಿಶೀಲಿಸುತ್ತಿದ್ದರು. ಏನಾದರೂ ಬಿಟ್ಟುಹೋಗಿದೆಯೇ ಎಂದು ನೋಡಲು ಮೂರನೆಯವರು.

ಇದೆಲ್ಲ ನಡೆದದ್ದು ಅಮೆಜಾನ್ ಕಂಪನಿ 2005ರ ನವೆಂಬರ್‌ನಲ್ಲಿ ತೆರೆದ ‘ಮೆಕ್ಯಾನಿಕಲ್ ಟರ್ಕ್’ನಲ್ಲಿ. ಕಂಪ್ಯೂಟರಿಗೆ ಬಗ್ಗದ, ಮನುಷ್ಯರಿಗೆ ಸಲೀಸಾದ ಚಿಲ್ಲರೆ ಕೆಲಸಗಳ ಸಂತೆ ಅದು. ಎಷ್ಟೋ ಕೆಲಸಗಳಿಗೆ ಸಿಗುತ್ತಿದ್ದದ್ದು ಒಂದೆರಡು ಸೆಂಟ್. ಇಮೇಜ್‌ನೆಟ್ ಕಟ್ಟುತ್ತಿದ್ದ ವಿಜ್ಞಾನಿ ಫೀ-ಫೀ ಲೀ ಅವರ ತಂಡ ಚಿತ್ರ ವಿಂಗಡಿಸಲು ಮೊದಲು ವಿದ್ಯಾರ್ಥಿಗಳನ್ನೇ ಹಚ್ಚಿತ್ತು. ಹೀಗಾದರೆ ದಶಕಗಳೇ ಬೇಕೆಂದು ಲೆಕ್ಕ ಸಿಕ್ಕಾಗ ಈ ಸಂತೆಗೆ ಬಂತು. 167 ದೇಶಗಳ ಸುಮಾರು 49,000 ಮಂದಿ ಕೆಲಸ ಹಂಚಿಕೊಂಡರು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ಇದೇ ಚಿತ್ರಗಳಿಂದ ಕಂಪ್ಯೂಟರಿಗೆ ಕಲಿಸಿ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದಿತು. ಇಂದಿನ ಕೃತಕ ಬುದ್ಧಿಮತ್ತೆಯ ಭರಾಟೆಗೆ ದಾರಿ ತೆರೆದದ್ದು ಆ ಗೆಲುವು.

ಯಂತ್ರಕ್ಕೆ ಕಲಿಸಿದವರಿಗೆ ಈ ಸಂತೆಯ ವ್ಯವಹಾರ ಕಲಿಸುವ ಗುರುಗಳಿರಲಿಲ್ಲ.

ಕೆಲಸ ಕೊಟ್ಟವರು ತಿರಸ್ಕರಿಸಿದರೆ ಕೂಲಿ ಖೋತಾ, ಜತೆಗೆ ಅಂಕವೂ ಇಳಿಯುತ್ತಿತ್ತು. ಒಪ್ಪಿಗೆಯಾದ ಕೆಲಸದ ಪ್ರಮಾಣ ಶೇ 95ಕ್ಕಿಂತ ಕಡಿಮೆಯಿದ್ದವರಿಗೆ ಅನೇಕ ಕೆಲಸಗಳ ಬಾಗಿಲೇ ಮುಚ್ಚಿರುತ್ತಿತ್ತು. ಹಾಗಾಗಿ ಹೊಸಬರು ಮೊದಲು ಕಲಿಯಬೇಕಿದ್ದದ್ದು ಯಾರ ಕೆಲಸ ಹಿಡಿಯಬೇಕು, ಯಾರದ್ದನ್ನು ಬಿಡಬೇಕು ಎಂಬುದನ್ನು. ಆ ವಿದ್ಯೆ ಹಳಬರ ಬಳಿ ಇತ್ತು. 2008ರಲ್ಲಿ ಸಂಶೋಧಕರಾದ ಲಿಲ್ಲಿ ಇರಾನಿ ಮತ್ತು ಸಿಕ್ಸ್ ಸಿಲ್ಬರ್‌ಮನ್ ‘ಟರ್ಕಾಪ್ಟಿಕಾನ್’ ಜಾಲತಾಣ ರೂಪಿಸಿದ ಮೇಲೆ ಕೆಲಸಗಾರರೇ ಕೆಲಸ ಕೊಡುವವರಿಗೆ ಅಂಕ ಹಾಕತೊಡಗಿದರು: ಕೂಲಿ ಎಷ್ಟು, ಹೊತ್ತಿಗೆ ಸರಿಯಾಗಿ ಕೊಡುತ್ತಾರೆಯೇ, ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ, ಕೇಳಿದರೆ ಉತ್ತರಿಸುತ್ತಾರೆಯೇ ಎಂದು.

2009ರ ಕೊನೆಯ ಹೊತ್ತಿಗೆ ನಡೆದ ಸಮೀಕ್ಷೆಯೊಂದರಲ್ಲಿ ಟರ್ಕ್ ಕೆಲಸಗಾರರ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತೀಯರೇ ಇದ್ದರು. ಸಂಶೋಧಕರಾದ ಮೇರಿ ಗ್ರೇ ಮತ್ತು ಸಿದ್ಧಾರ್ಥ್ ಸೂರಿ 2019ರ ‘ಘೋಸ್ಟ್ ವರ್ಕ್’ ಪುಸ್ತಕದಲ್ಲಿ ಭಾರತ ಮತ್ತು ಅಮೆರಿಕದ ಇಂಥವರ ಬದುಕನ್ನು ದಾಖಲಿಸಿದ್ದಾರೆ. ಒಂಟಿಯಾಗಿ ದುಡಿಯುವವರೆಂದು ಕಾಣುವ ಇವರು ಒಬ್ಬರಿಗೊಬ್ಬರು ಒಳ್ಳೆಯ ಕೆಲಸದ ಸುಳಿವು ಕೊಡುತ್ತಿದ್ದರು, ತಿಳಿಯದ್ದನ್ನು ಹೇಳಿಕೊಡುತ್ತಿದ್ದರು.

ಯಂತ್ರಕ್ಕೆ ಕಲಿಸುವ ಈ ಕೆಲಸ ಈಗ ಕನ್ನಡಕ್ಕೂ ಬಂದಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಮೊಳೆತು 2021ರಲ್ಲಿ ಸ್ವತಂತ್ರವಾದ ‘ಕಾರ್ಯ’ ಸಂಸ್ಥೆಗಾಗಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳು ಕನ್ನಡ ವಾಕ್ಯಗಳನ್ನು ಮೊಬೈಲಿಗೆ ಓದಿ ಧ್ವನಿಮುದ್ರಿಸಿದ್ದಾರೆ. ಗಂಟೆಗೆ ಸುಮಾರು 5 ಡಾಲರ್ ಕೂಲಿ ಎಂಬುದು ಸಂಸ್ಥೆಯ ನೀತಿ.

ಕಾರ್ಖಾನೆಗೆ ಕೆಲಸ ಕಲಿಯಲು ಬಂದ ಅಪ್ರೆಂಟಿಸ್‌ಗೆ ಭತ್ಯೆ ಕೊಡಬೇಕೆಂದು ಭಾರತದ ಕಾನೂನು 1961ರಲ್ಲೇ ಹೇಳಿದೆ. ಹಾಗೆಯೇ ಪರದೆಯ ಮುಂದೆ ನಿಯಮ ಓದುತ್ತ, ಪರೀಕ್ಷೆ ಎದುರಿಸುತ್ತ ಕಳೆಯುವ ಹೊತ್ತಿಗೂ ಕೂಲಿ ಕಟ್ಟುವುದು ನ್ಯಾಯ.